ಕೈ ಮುಗಿಯದ ಹುಡುಗ ಮತ್ತು ಸಂವಿಧಾನ

ನಾನು ಓದಿದ್ದು ಚಾಂಪಿಯನ್ ರೀಫ್ಸ್‌ನ ಒಂದು ಅನುದಾನಿತ ಶಾಲೆಯಲ್ಲಿ. ಸ್ವಾತಂತ್ರ್ಯ ದಿನದಂದು ಬಾವುಟ ಹಾರಿಸುವ ಮೊದಲು ಭಾರತಮಾತೆಯ ಪಟಕ್ಕೆ ಕಾಯಿ ಒಡೆದು, ಮಂಗಳಾರತಿ ಎತ್ತಿ, ಶ್ಲೋಕ ಹೇಳಿಸುತ್ತಿದ್ದರು. ನನ್ನ ತಾತ ಗಣಿಯಲ್ಲಿ ದುಡಿದವರು, ಬುದ್ಧನನ್ನು ನಂಬಿದವರು. ನಮ್ಮೂರಿಗೆ ಇದು ಹೊಸದಲ್ಲ. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ನೂರು ವರ್ಷಕ್ಕೂ ಹಿಂದೆಯೇ ಈ ಗಣಿ ಕಾರ್ಮಿಕರ ನಡುವೆ ಇತ್ತು. ತಾತನ ಮಾತು ಕೇಳಿ ನಾನು ಕೈ ಮುಗಿಯದೆ ಸುಮ್ಮನೆ ನಿಂತೆ. "ದೇಶಭಕ್ತಿ ಇಲ್ವೇನೋ ನಿಂಗೆ?" ಅಂತ ಮೇಷ್ಟ್ರು ಬಿಸಿಲಲ್ಲಿ ನಿಲ್ಲಿಸಿದರು. ಜನಗಣಮನವನ್ನು ನಾನು ಎಲ್ಲರ ಜೊತೆ ಗಟ್ಟಿಯಾಗಿಯೇ ಹಾಡಿದ್ದೆ. ಅದು ಲೆಕ್ಕಕ್ಕೆ ಬರಲಿಲ್ಲ.

ಈಗ ನಾನೇ ಮೇಷ್ಟ್ರು. ಆ ಪ್ರಶ್ನೆಗೆ ಉತ್ತರ ಕೊಡೋದು ಬಾಕಿ ಇದೆ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿದ್ದಾರೆ: ರಾಷ್ಟ್ರಕ್ಕೆ ಗೌರವ ಮತ್ತು ದೇವರಿಗೆ ಪೂಜೆ. ಗೌರವದ ಮಾತು ಮೊದಲು. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದರು. ಗೀತೆ ಹಾಡುವಾಗ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೆ. 1986ರ ಬಿಜೋ ಇಮ್ಯಾನುಯೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಾಡಲೇಬೇಕೆಂದು ಹೇಳುವ ಕಾನೂನೇ ಇಲ್ಲ, ಗೌರವದಿಂದ ನಿಂತರೆ ಸಾಕು ಎಂದಿತು. ಮಕ್ಕಳನ್ನು ಹೊರಹಾಕಿದ್ದು 19 ಮತ್ತು 25ನೇ ವಿಧಿಗಳ ಹಕ್ಕುಗಳ ಉಲ್ಲಂಘನೆಯಾಯಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಾದರೆ, ಮಂಗಳಾರತಿಗೆ ಕೈ ಮುಗಿಯದವನು ದೇಶದ್ರೋಹಿ ಹೇಗಾದಾನು?

ಇನ್ನು ಪೂಜೆ. 28ನೇ ವಿಧಿ ಇರೋದೇ ಇದಕ್ಕೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಬಲವಂತ ಮಾಡುವಂತಿಲ್ಲ. 1948ರ ಡಿಸೆಂಬರ್ 7ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇದರ ಕಾರಣ ಬಿಡಿಸಿಟ್ಟರು: ಎಲ್ಲರ ತೆರಿಗೆ ಹಣದಲ್ಲಿ ಒಂದು ಧರ್ಮವನ್ನು ಕಲಿಸುವುದು ನ್ಯಾಯವಲ್ಲ, ಸತ್ಯ ತನ್ನಲ್ಲೇ ಇದೆ ಎನ್ನುವ ಧರ್ಮಗಳ ಜಗಳ ಶಾಲೆಯ ನೆಮ್ಮದಿ ಕೆಡಿಸುತ್ತದೆ.

1949ರ ಅಕ್ಟೋಬರ್ 17ರಂದು ಇನ್ನೊಂದು ಪ್ರಶ್ನೆ ಎದ್ದಿತು. ಪ್ರಸ್ತಾವನೆ ದೇವರ ಹೆಸರಿನಲ್ಲಿ ಶುರುವಾಗಲಿ ಎಂದು ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಪರ 41, ವಿರೋಧ 68. ಸಭೆಯಲ್ಲಿ ದೇವರನ್ನು ನಂಬುವವರು ಬೇಕಾದಷ್ಟಿದ್ದರು. ಆದರೂ ದೇವರನ್ನು ಅವರವರ ಮನಸ್ಸಿಗೆ ಬಿಟ್ಟು, 'ನಾವು, ಭಾರತದ ಜನರು' ಎಂದೇ ಶುರುಮಾಡಿದರು. ಕರ್ನಾಟಕದ ಶಾಲೆಗಳಲ್ಲಿ ಆ ಪ್ರಸ್ತಾವನೆಯನ್ನು ಓದಿಸಬೇಕೆಂದು ಸರ್ಕಾರ 2023ರಲ್ಲಿ ತೀರ್ಮಾನಿಸಿತು. ಅದನ್ನು ಓದಿಸಿ, ಮರುಕ್ಷಣ ಆರತಿ ತಟ್ಟೆ ಹಿಡಿದು ಬಂದರೆ ಮಕ್ಕಳು ಯಾವುದನ್ನು ನಂಬಬೇಕು?

ಅನುದಾನಿತ ಶಾಲೆಗೆ ಮಕ್ಕಳನ್ನು ಕಳಿಸುವ ನಮ್ಮವರಿಗೆ ಒಂದು ಮಾತು. ಕಾನೂನು ಕೇಳೋದು ನಿಮ್ಮ ಒಪ್ಪಿಗೆ. ಒಪ್ಪಿಗೆ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಹಾಗಂತ ಬರೆದು ಹೆಡ್‌ಮಾಸ್ಟರಿಗೆ ಕೊಡಿ, ಒಂದು ನಕಲು ನಿಮ್ಮ ಹತ್ರ ಇಟ್ಟುಕೊಳ್ಳಿ. ನನ್ನ ತಾತನಿಗೆ ಇದು ಗೊತ್ತಿರಲಿಲ್ಲ. ಅವತ್ತು ಸಂಜೆ ಅವರು ನನ್ನ ತಲೆಗೆ ಎಣ್ಣೆ ಹಚ್ಚಿ ಸುಮ್ಮನೆ ಕೂತಿದ್ದರು.