ಕೆಲಸ ಬಿಟ್ಟವರು ಮತ್ತೆ ಕೆಲಸಕ್ಕೆ ಬರಬೇಕಾದರೆ



ಹೋದ ತಿಂಗಳು ಹನೂರು ಕಡೆಯ ಒಂದು ಸಂಘದ ಸಭೆಗೆ ನಾವು ಹೋದಾಗ, ಉಳಿತಾಯದ ಪುಸ್ತಕ ಬಿಚ್ಚುವ ಮೊದಲೇ ಜೋರು ಮಾತು ನಡೆದಿತ್ತು. ಎರಡು ಎಕರೆ ಮುಸುಕಿನ ಜೋಳ ಹಾಕಿದ್ದ ಸದಸ್ಯೆಯೊಬ್ಬರು, "ಗೃಹಲಕ್ಷ್ಮಿ ಎರಡು ಸಾವ್ರ ಬತ್ತದ, ಅಕ್ಕಿ ಬತ್ತದ, ಇನ್ಯಾರು ಕಳೆ ಕೀಳಕ್ಕೆ ಬಂದಾರು?" ಎಂದರು. ಎದುರಿಗೆ ಕೂತಿದ್ದ ಕೂಲಿ ತಾಯಿ ಸುಮ್ಮನಿರಲಿಲ್ಲ. "ಅಕ್ಕ, ನೀವು ವರ್ಸಕ್ಕೆ ಹದಿನೈದು ದಿನ ಕರೀತೀರ. ಮಿಕ್ಕ ದಿನ ನಾವು ಎಲ್ಲಿಗೋಗದು?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೆಲಸ ಇಲ್ಲದವರಿಗೆ ಸರ್ಕಾರ ಏನು ಕೊಟ್ಟರೆ ಅವರು ಮತ್ತೆ ದುಡಿಮೆಗೆ ಬರುತ್ತಾರೆ, ಏನು ಕೊಟ್ಟರೆ ಮನೆಯಲ್ಲೇ ಉಳಿಯುತ್ತಾರೆ ಎನ್ನುವುದು ನಮ್ಮ ಹಟ್ಟಿಯ ಜಗಳ ಮಾತ್ರವಲ್ಲ, ದೇಶ ದೇಶಗಳೇ ತಲೆ ಕೆಡಿಸಿಕೊಂಡ ಪ್ರಶ್ನೆ. ಆ ಸಭೆಯಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತೇವೆ.

ದುಡ್ಡು ಕೊಟ್ಟರೆ ಸೋಮಾರಿಗಳಾಗುತ್ತಾರಾ?

ಫಿನ್ಲೆಂಡ್ ಎಂಬ ದೇಶದಲ್ಲಿ 2017 ಮತ್ತು 2018ರಲ್ಲಿ ಸರ್ಕಾರ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಕೆಲಸವಿಲ್ಲದ 2000 ಜನರನ್ನು ಆರಿಸಿ, ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕಿದರೂ ಆ ಹಣ ನಿಲ್ಲಿಸಲಿಲ್ಲ. ಅವರು ಕಾಲು ಚಾಚಿ ಕೂತರೇ? ಇಲ್ಲ. ಹಣ ಪಡೆದವರು ಪಡೆಯದವರಿಗಿಂತ ವರ್ಷದಲ್ಲಿ ಐದಾರು ದಿನ ಹೆಚ್ಚೇ ದುಡಿದಿದ್ದರು. ಹೆಚ್ಚಾದದ್ದು ಬಹಳ ಏನಲ್ಲ, ಆದರೆ ಕಡಿಮೆಯಂತೂ ಆಗಲಿಲ್ಲ. ಮನಸ್ಸಿನ ಚಿಂತೆ ಕಡಿಮೆಯಾಯಿತೆಂದು ಅವರೇ ಹೇಳಿದರು.

ನಮ್ಮಲ್ಲಿಯೂ ನಾವು ಕಂಡದ್ದು ಹೀಗೇ. ಎರಡು ಸಾವಿರ ಬರುವ ಮನೆಯ ಹೆಂಗಸು ಕೂಲಿ ಬಿಡುವುದಿಲ್ಲ. ಆದರೆ ಕಡಿಮೆ ಕೂಲಿಗೆ, ಬೈಗುಳ ತಿಂದುಕೊಂಡು ಹೋಗುವುದನ್ನು ಬಿಡುತ್ತಾಳೆ. ಜಮೀನಿದ್ದವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ.

ಓದಿದ ಮಕ್ಕಳ ವಿಷಯ ಸ್ವಲ್ಪ ಬೇರೆ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾದ ಯುವನಿಧಿಯಲ್ಲಿ ಪದವಿ ಮುಗಿಸಿದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಗೊತ್ತುಮಾಡಿದರು. ಪಾಸಾಗಿ 180 ದಿನವಾದರೂ ಕೆಲಸ ಸಿಗದಿದ್ದವರಿಗೆ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಕೊಳ್ಳೇಗಾಲದಲ್ಲಿ ಡಿಗ್ರಿ ಮುಗಿಸಿದ ಹುಡುಗಿಗೆ ಮೈಸೂರಿಗೆ ಸಂದರ್ಶನಕ್ಕೆ ಹೋಗಲು, ಫಾರಂ ತುಂಬಲು ಈ ದುಡ್ಡು ಆಗುತ್ತದೆ. ಆದರೆ ಎರಡು ವರ್ಷ ದುಡ್ಡು ಪಡೆದು, ಒಂದು ಹೊಸ ಕೆಲಸ ಕಲಿಯದೆ ಕೂತವರಿಗೆ ಮೂರನೇ ವರ್ಷ ಏನು ಗತಿ? ಭತ್ಯೆ ಬರುವ ಕಾಲದಲ್ಲೇ ತರಬೇತಿಗೆ ಸೇರಿಸಿ ಎಂದು ತಾಯಂದಿರಿಗೆ ನಾವು ಹೇಳುವುದು ಅದಕ್ಕೇ.

ಕೆಲಸವನ್ನೇ ಕೊಡುವ ಕಾಯ್ದೆ

ದುಡ್ಡಿನ ಬದಲು ಕೆಲಸವನ್ನೇ ಕೊಡುವುದು ಇನ್ನೊಂದು ದಾರಿ. 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. ಮೊದಲು 200 ಜಿಲ್ಲೆ, 2008ರ ಏಪ್ರಿಲ್ 1ರಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಕುಟುಂಬಕ್ಕೆ ವರ್ಷಕ್ಕೆ 100 ದಿನ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಐದು ಕಿಲೋಮೀಟರ್ ದಾಟಿದರೆ ಹತ್ತು ಪರ್ಸೆಂಟ್ ಹೆಚ್ಚು. ನಮ್ಮ ರಾಜ್ಯದ ದಿನಗೂಲಿ 2023-24ರಲ್ಲಿ 316, 2024-25ರಲ್ಲಿ 349, 2025-26ರಲ್ಲಿ 370 ರೂಪಾಯಿ ಇತ್ತು. ನೂರು ದಿನಕ್ಕೆ ಲೆಕ್ಕ ಹಾಕಿ, 37,000.

ಆ 'ಒಂದೇ ಕೂಲಿ' ಎಂಬ ಎರಡು ಮಾತು ಎಷ್ಟು ದೊಡ್ಡದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಗಂಡಾಳಿಗೊಂದು ಹೆಣ್ಣಾಳಿಗೊಂದು ಎಂದು ಹುಟ್ಟಿದಾಗಿನಿಂದ ಕೇಳಿದವರು ನೀವು. ಹೂಳೆತ್ತುವ ಕೆಲಸಕ್ಕೆ ಹೋಗಿ ಗಂಡನಷ್ಟೇ ಕೂಲಿ ಎಣಿಸಿದ ಹೆಂಗಸು, ಆಮೇಲೆ ಗೌಡರ ಹೊಲದಲ್ಲಿ "ಎಷ್ಟು ಕೊಡ್ತೀರಿ?" ಎಂದು ಮೊದಲು ಕೇಳಿಯೇ ಸೊಂಟ ಬಗ್ಗಿಸಿದಳು. ಅಖಂಡ ಆಂಧ್ರದಲ್ಲಿ ನಡೆದ ಒಂದು ದೊಡ್ಡ ಅಧ್ಯಯನವೂ ಇದನ್ನೇ ತೋರಿಸಿತು. ಖಾತರಿ ಕೂಲಿ ತಡವಾಗದೆ, ಸೋರದೆ ಕೈಸೇರಿದ ಮಂಡಲಗಳಲ್ಲಿ ಹೊಲದ ಕೂಲಿಯೂ ಏರಿತು, ಖಾಸಗಿ ಕೆಲಸವೇನೂ ಕಡಿಮೆಯಾಗಲಿಲ್ಲ.

ಇದರ ಬೆಲೆ ಗೊತ್ತಾಗಿದ್ದು 2020ರಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್, ಕಟ್ಟಡ ಕೆಲಸ, ತಿರುಪ್ಪೂರಿನ ಬನಿಯನ್ ಕಾರ್ಖಾನೆ ಎಲ್ಲಾ ಮುಚ್ಚಿ, ಮಾರ್ಟಳ್ಳಿ, ರಾಮಾಪುರ ಕಡೆಯ ಮಕ್ಕಳು ಗಂಟು ಹೊತ್ತು ಊರಿಗೆ ಬಂದರು. ಆ ವರ್ಷ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು, ಅದುವರೆಗೆ ಅಷ್ಟು ನಡೆದಿರಲಿಲ್ಲ.

ಹಾಗಂತ ಎಲ್ಲವೂ ಸರಿಯಿತ್ತು ಎಂದಲ್ಲ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಎಂದು 2005ರ ಕಾಯ್ದೆಯಲ್ಲೇ ಬರೆದಿತ್ತು. ಆದರೆ ನಮ್ಮ ತಾಯಂದಿರು ಅರ್ಜಿಯನ್ನು ಬಾಯಲ್ಲಿ ಹೇಳಿ ಬರುತ್ತಿದ್ದರು. ದಿನಾಂಕ ಹಾಕಿದ ರಸೀದಿ ಇಲ್ಲದ ಮೇಲೆ ಹದಿನೈದು ದಿನ ಯಾವತ್ತಿನಿಂದ ಎಣಿಸುವುದು? ಒಂದು ಪಂಚಾಯಿತಿಯಲ್ಲಿ ರಸೀದಿ ಕೇಳಿದ ನಮ್ಮ ಸದಸ್ಯೆಯರನ್ನು ಮೂರು ಸಲ ಅಲೆದಾಡಿಸಿದರು. ನಾಲ್ಕನೇ ಸಲ ಇಪ್ಪತ್ತೆರಡು ಜನ ಒಟ್ಟಿಗೆ ಹೋಗಿ ಕೂತರು, ರಸೀದಿ ಬಂತು. ಮುಂದೆ 2023ರಿಂದ ಮೊಬೈಲಿನಲ್ಲಿ ಫೋಟೊ ಹಾಜರಿ, 2024ರಿಂದ ಆಧಾರ್ ಮೂಲಕವೇ ಕೂಲಿ ಎಂದಾಯಿತು. ಬೆಟ್ಟದ ಸಾಲಿನ ಊರಲ್ಲಿ ನೆಟ್‌ವರ್ಕ್ ಸಿಗದ ದಿನ ಬೆವರು ಸುರಿಸಿದವರ ಹೆಸರೇ ಹತ್ತಲಿಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ಅಂಗೀಕರಿಸಿತು. ಜನ ಅದನ್ನು 'ಜಿ ರಾಮ್ ಜಿ' ಎನ್ನುತ್ತಾರೆ. ಅದರಲ್ಲಿ 100 ದಿನ 125 ಆಗಿದೆ. ಖರ್ಚಿನಲ್ಲಿ ರಾಜ್ಯದ ಪಾಲು 40 ಪರ್ಸೆಂಟ್. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸಬಹುದು. ನಮ್ಮ ಮುಸುಕಿನ ಜೋಳದ ಅಕ್ಕನಿಗೆ ಇದು ಸಂತೋಷದ ಸುದ್ದಿ. ಆದರೆ ಯಳಂದೂರಿನ ನಾಲೆ ಬಯಲಲ್ಲಿ ನಾಟಿ ಹಾಕುವ ತಿಂಗಳು, ಹನೂರಿನ ಮಳೆ ನಂಬಿದ ಹೊಲದಲ್ಲಿ ಕೆಲಸ ಇರುವ ತಿಂಗಳು ಒಂದೇನಾ? ತಪ್ಪು ತಿಂಗಳಲ್ಲಿ ನಿಲ್ಲಿಸಿದರೆ ಹನೂರಿನವರು ಮತ್ತೆ ಕಲ್ಲುಕ್ವಾರಿಗೆ, ಕೊಡಗಿನ ತೋಟಕ್ಕೆ ಲಾರಿ ಹತ್ತಬೇಕು.

ಕಸುಬು ಕಲಿಸುವುದು

ತರಬೇತಿ ವಿಷಯದಲ್ಲಿ ನಮ್ಮ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಶುರುಮಾಡಿದರು. ಆ ಮಾದರಿಯಲ್ಲೇ ಆಮೇಲೆ ಜಿಲ್ಲೆಗೊಂದು ಆರ್‌ಸೆಟಿ ಬಂತು. ಊಟ, ವಸತಿ, ಕಲಿಕೆ ಎಲ್ಲಾ ಉಚಿತ. ಕಲಿತು ಹೋದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳಬೇಕು ಎಂಬುದು ಅದರ ಪದ್ಧತಿ. ನಮ್ಮ ಅನುಭವದಲ್ಲಿ ತರಬೇತಿ ಫಲ ಕೊಡುವುದು ಈ ವಿಚಾರಿಸಿಕೊಳ್ಳುವುದರಿಂದ. ಸರ್ಟಿಫಿಕೇಟ್ ಕೊಟ್ಟು ಕೈ ತೊಳೆದುಕೊಂಡ ಟೈಲರಿಂಗ್ ತರಬೇತಿಗಳು ಎಷ್ಟು ನೋಡಿಲ್ಲ! ಒಂದೇ ಊರಲ್ಲಿ ಮೂವತ್ತು ಜನಕ್ಕೆ ಹೊಲಿಗೆ ಕಲಿಸಿದರೆ ರವಿಕೆ ಹೊಲಿಸುವವರು ಯಾರು?

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಕೆಲಸ ಕಳಕೊಂಡ ಹುಡುಗಿಯರು ಒಂದನ್ನು ಕೇಳಿಯೇ ಇರುವುದಿಲ್ಲ. ಸಂಬಳದಲ್ಲಿ ಇಎಸ್‌ಐ ಹಿಡಿದಿದ್ದರೆ, 2018ರಲ್ಲಿ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದಿದೆ. ಕೆಲಸ ಹೋದವರಿಗೆ 90 ದಿನದವರೆಗೆ ಕೊಡುವ ನೆರವನ್ನು 2020ರಲ್ಲಿ ಸರಾಸರಿ ಕೂಲಿಯ ಅರ್ಧಕ್ಕೆ ಏರಿಸಿದರು. ಊರಿಗೆ ಬರುವ ಮೊದಲು ಇಎಸ್‌ಐ ನಂಬರ್ ಬರೆದಿಟ್ಟುಕೊಂಡು ಕಚೇರಿಯಲ್ಲಿ ವಿಚಾರಿಸಲಿ.

ಕೂಸು, ಬಸ್ಸು, ಕಾಡು

ಹೆರಿಗೆಯಾಗಿ ಕೆಲಸ ಬಿಟ್ಟವಳು ಯಾಕೆ ವಾಪಸ್ ಬರಲಿಲ್ಲ ಎಂದು ಕೇಳಿದರೆ, "ಕೂಸ ಯಾರು ನೋಡ್ಕತ್ತಾರೆ ಸಿಸ್ಟರ್?" ಎನ್ನುತ್ತಾಳೆ. ಅಷ್ಟೇ ಕಾರಣ. 2023ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ 'ಕೂಸಿನ ಮನೆ' ಇದಕ್ಕೇ. ಪಂಚಾಯಿತಿಯಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಊರಿನ ತಾಯಂದಿರಿಗೇ ತರಬೇತಿ. 2023ರ ಜೂನ್ 11ರಿಂದ ಬಸ್ಸು ಉಚಿತವಾದ ಮೇಲೆ ಹನೂರಿನಿಂದ ಕೊಳ್ಳೇಗಾಲಕ್ಕೆ ಕೆಲಸ ಹುಡುಕಿ ಬರುವ ಹೆಂಗಸರನ್ನೂ ನಾವು ಕಾಣುತ್ತೇವೆ. ಬಸ್ಸೇ ಹೋಗದ ಹಾಡಿ, ದೊಡ್ಡಿಗಳಿಗೆ ಅದರಿಂದ ಏನೂ ಇಲ್ಲ.

ಒಂದು ಕೈಯಿಂದ ಕೆಲಸ ಕೊಡುವ ಸರ್ಕಾರ ಇನ್ನೊಂದು ಕೈಯಿಂದ ತೆಗೆದದ್ದೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿ ತಂದು ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟು ಬದುಕುತ್ತಿದ್ದರು. 2006ರಲ್ಲಿ ಅಭಯಾರಣ್ಯದೊಳಗೆ ಅದನ್ನು ನಿಷೇಧಿಸಿದ ಮೇಲೆ ಎಷ್ಟೋ ಜನ ಕಾಫಿ ತೋಟದ ಕೂಲಿಗೆ ಇಳಿದರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಬಂದಾಗ ಕೆಲವರಿಗಾದರೂ ತಮ್ಮ ಕಸುಬಿಗೆ ವಾಪಸ್ ಹೋಗುವ ಹಾದಿ ತೆರೆಯಿತು. ಅವರಿಗೆ ಹೊಸ ತರಬೇತಿ ಬೇಕಿರಲಿಲ್ಲ, ಇದ್ದ ಕಸುಬು ಮಾಡಲು ಬಿಟ್ಟರೆ ಸಾಕಿತ್ತು.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ಒಂದು ಪಟ್ಟಿ ಮಾಡಿ ತನ್ನಿ: ನಿಮ್ಮ ಊರಲ್ಲಿ ಯಾವ ತಿಂಗಳು ಹೊಲದ ಕೆಲಸ ಇರುತ್ತದೆ, ಯಾವ ತಿಂಗಳು ಇರುವುದಿಲ್ಲ, ಆಗ ಯಾರು ಯಾರು ಊರು ಬಿಡುತ್ತಾರೆ. ಅರುವತ್ತು ದಿನ ಯಾವುದೆಂದು ಮೇಲಿನವರು ಗೊತ್ತುಮಾಡುವ ಮುಂಚೆ ಅದು ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಹತ್ತಬೇಕು. ಜಗಳವಾಡಿದ ಆ ಇಬ್ಬರು ಅಕ್ಕತಂಗಿಯರಿಗೇ ಹನೂರಿನ ಪಟ್ಟಿ ಬರೆಯುವ ಕೆಲಸ ಒಪ್ಪಿಸಿದ್ದೇವೆ.