ಕ್ಲಚ್ ಕೇಬಲ್ ಯಾಕೆ ಬಿಸಿಯಾಗುತ್ತದೆ?

ಹಳೆಯ ಮಾರುತಿ 800 ಕಾರಿನ ಕ್ಲಚ್ ಕೇಬಲ್ ಎಂಟು ತಿಂಗಳಲ್ಲಿ ಎರಡು ಸಲ ಬಿಗಿದುಕೊಂಡರೆ ಯಾರ ಹತ್ತಿರ ಹೋಗಬೇಕು? ಮೆಕ್ಯಾನಿಕ್ ಹತ್ತಿರ ಎನ್ನುತ್ತೀರಿ. ಅವನು ಕೇಬಲ್ ಬದಲಿಸುತ್ತಾನೆ, ಕಾರು ಕೆಲವು ದಿನ ಚೆನ್ನಾಗಿ ಓಡುತ್ತದೆ, ಮತ್ತೆ ಪೆಡಲ್ ಕಲ್ಲಾಗುತ್ತದೆ. ಕಾರ್ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಎತ್ತಿ ಆ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಹೋಗಬೇಕಾದದ್ದು ಎಲೆಕ್ಟ್ರೀಷಿಯನ್ ಹತ್ತಿರ.

ನನ್ನ ಬಳಿ ಇರುವುದು ಅಪ್ಪ 1998ರಲ್ಲಿ ಕೊಂಡ 800. ಅವರ ನಂತರ ಅದು ಶಿವಮೊಗ್ಗದಿಂದ ಪುಣೆಗೆ ಬಂತು, ಎನ್‌ಒಸಿ, ಮರುನೋಂದಣಿ ಎಲ್ಲ ಆಯಿತು. ಖಾಸಗಿ ಕಾರಿಗೆ ಮೊದಲ 15 ವರ್ಷದ ನೋಂದಣಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಗಿತ್ತು. ನಮ್ಮ ಕಾರಿನ ಸರದಿ 2023ರಲ್ಲಿತ್ತು. ಹೆಡ್‌ಲೈಟ್, ಹಾರ್ನ್, ಇಂಡಿಕೇಟರ್, ವೈಪರ್ ಎಲ್ಲ ಕೆಲಸ ಮಾಡಿ ತೋರಿಸಬೇಕು. ಇನ್ನು ಒಂದು ತಿಂಗಳಿದೆ ಎನ್ನುವಾಗ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿಯಂತಾಗಿತ್ತು, ಹಾರ್ನ್‌ಗೆ ಗಂಟಲು ಕಟ್ಟಿತ್ತು, ಸೆಲ್ಫ್ ಹೊಡೆದರೆ ಒಮ್ಮೆ 'ಟಕ್' ಎಂದು ಸುಮ್ಮನಾಗುತ್ತಿತ್ತು.

ಮನೆ ಹತ್ತಿರದ ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು. ಆಮೇಲೆ ಸೆಲ್ಫ್ ಬಿಚ್ಚಿ ಕಾರ್ಬನ್ ಹಾಕಿದರು. ನಡುವೆ ಎರಡು ಕ್ಲಚ್ ಕೇಬಲ್. ಕೊನೆಗೆ, 'ವೈರಿಂಗ್ ಪೂರಾ ಹೋಗಿದೆ, ಹೊಸದಾಗಿ ಎಳೆಯಬೇಕು, 18 ಸಾವಿರ ಆಗುತ್ತದೆ. ಇಲ್ಲ ಅಂದರೆ ಗುಜರಿಯವರು ಪರಿಚಯ ಇದ್ದಾರೆ, 20 ಸಾವಿರ ಕೊಡಿಸುತ್ತೇನೆ' ಅಂದರು. ಲೆಕ್ಕ ನೋಡಿದರೆ ಗುಜರಿಯೇ ಲಾಭ. ಆದರೆ ಅಪ್ಪ ಪ್ರತಿ ಸಲ ಪೆಟ್ರೋಲ್ ಹಾಕಿಸಿ ಬರೆದಿಟ್ಟ ಡೈರಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿರುವ ಕಾರಿಗೆ ಆ ಲೆಕ್ಕ ಹಾಕುವ ಮನಸ್ಸು ನನಗಿರಲಿಲ್ಲ. ಅಮೆಜಾನ್‌ನಿಂದ 350 ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ತರಿಸಿದೆ. ನಾನು ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಇಲ್ಲಿ ಬೇಕಾಗುವುದು ಹೈಸ್ಕೂಲಿನ ಓಮ್ ನಿಯಮ ಮಾತ್ರ.

ಕಾರಿನಲ್ಲಿ ಕರೆಂಟು ಹೋಗುವ ದಾರಿ ಎಲ್ಲರ ಕಣ್ಣಿಗೆ ಬೀಳುತ್ತದೆ, ವಾಪಸ್ ಬರುವ ದಾರಿ ಬೀಳುವುದಿಲ್ಲ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ಕೇಬಲ್ ಸೆಲ್ಫ್ ಮೋಟರಿಗೆ ಹೋಗುತ್ತದೆ. ಹಿಂದಿರುಗಲು ಬೇರೆ ವೈರಿಲ್ಲ. ಮೋಟರಿನ ಲೋಹದ ಮೈ, ಅದನ್ನು ಕೂರಿಸಿದ ಗೇರ್ ಬಾಕ್ಸ್ ಮತ್ತು ಎಂಜಿನ್, ಅಲ್ಲಿಂದ ಒಂದು ಹೆಣೆದ ತಾಮ್ರದ ಪಟ್ಟಿ, ಆಮೇಲೆ ಬಾಡಿ ಮತ್ತು ಬ್ಯಾಟರಿಯ ಮೈನಸ್. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹಾಯದು. ಹಾಗಾಗಿ ಆ ಒಂದು ಗೇಣಿನ ಪಟ್ಟಿಯೇ ಸೇತುವೆ. ಇಪ್ಪತ್ತೈದು ಮಳೆಗಾಲ ಕಂಡ ಪಟ್ಟಿ ಹಸಿರುಗಟ್ಟಿ, ಅದರ ಬೋಲ್ಟಿನ ಕೆಳಗೆ ತುಕ್ಕು ಕೂತರೆ ಸೇತುವೆ ಕಿರಿದಾಗುತ್ತದೆ. ಸೆಲ್ಫ್ ಹೊಡೆದಾಗ ಹರಿಯುವುದು ನೂರು ಆಂಪಿಯರ್ ಆಸುಪಾಸು. ಅಷ್ಟು ಕರೆಂಟು ಇನ್ನೊಂದು ದಾರಿ ಹುಡುಕುತ್ತದೆ. ಎಂಜಿನ್ ಕಡೆಯಿಂದ ಬಾಡಿಗೆ ಬೇರೇನು ಲೋಹ ಹೋಗಿದೆ? ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಕರೆಂಟು ಒಯ್ಯಲು ಮಾಡಿದ್ದಲ್ಲದ ಆ ಉಕ್ಕಿನ ಎಳೆ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಪೆಡಲ್ ಕಲ್ಲಾಗುವುದು ಹೀಗೆ.

ಇದನ್ನು ಅಳೆಯುವುದಕ್ಕೆ ಎರಡು ನಿಮಿಷ ಸಾಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಪ್ರೋಬ್ ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಸರಿಯಿರುವ ಕಾರಿನಲ್ಲಿ 0.2 ವೋಲ್ಟಿನ ಒಳಗೆ ತೋರಿಸಬೇಕು. ನಮ್ಮದರಲ್ಲಿ 1.7 ಬಂತು. ಪ್ಲಸ್ ಕಡೆಯನ್ನೂ ಹಾಗೇ, ಬ್ಯಾಟರಿ ಕಂಬದಿಂದ ಸೆಲ್ಫ್‌ನ ದೊಡ್ಡ ಬೋಲ್ಟಿನವರೆಗೆ ಅಳೆದರೆ 0.25 ಅಷ್ಟೇ. ಅಂದರೆ ಬ್ಯಾಟರಿಯಲ್ಲಾಗಲಿ ಸೆಲ್ಫ್‌ನಲ್ಲಾಗಲಿ ದೋಷವಿರಲಿಲ್ಲ. ಅರ್ಥಿಂಗ್ ಹೋಗಿತ್ತು.

ಗ್ಯಾರೇಜಿನವರೂ ಅರ್ಥಿಂಗ್ ನೋಡಿದ್ದರು. ಮೀಟರನ್ನು ಬೀಪ್ ಮೋಡಿಗೆ ಹಾಕಿ, 'ಕೂಗುತ್ತಿದೆ ನೋಡಿ, ವೈರ್ ಸರಿಯಿದೆ' ಎಂದು ತೋರಿಸಿದ್ದರು. ಹಳೆಯ ಕಾರಿನ ವಿಷಯದಲ್ಲಿ ಈ ಬೀಪ್‌ನಷ್ಟು ದಾರಿ ತಪ್ಪಿಸುವ ವಸ್ತು ಇನ್ನೊಂದಿಲ್ಲ. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. 1.7 ವೋಲ್ಟನ್ನು ನೂರು ಆಂಪಿಯರಿನಿಂದ ಭಾಗಿಸಿ, 0.017 ಓಮ್. ಅಗ್ಗದ ಮೀಟರಿನ ಸ್ವಂತ ವೈರುಗಳ ರೆಸಿಸ್ಟೆನ್ಸೇ ಅದರ ಹತ್ತು ಪಟ್ಟು ಇರುತ್ತದೆ. ಅದಕ್ಕೆ ಇಷ್ಟು ಸಣ್ಣ ತಡೆ ಕಾಣುವುದೇ ಇಲ್ಲ. ಕೆಲಸ ಮಾಡುತ್ತಿರುವಾಗ, ಪೂರ್ತಿ ಕರೆಂಟು ಹರಿಯುತ್ತಿರುವಾಗ, ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಲೋಡ್ ಇಲ್ಲದ ಟೆಸ್ಟ್ ಸರ್ವರಿನಲ್ಲಿ ಎಲ್ಲ ಹಸಿರು ಟಿಕ್ಕೇ ಅಲ್ಲವೇ?

ಪಟ್ಟಿ ಹಾಕಿಸಲು ಹೋದದ್ದು ನಾನಾ ಪೇಠೆಗೆ. ಪುಣೆಯ ವಾಹನ ಬಿಡಿಭಾಗಗಳ ಪೇಟೆ ಅದು. ಅಲ್ಲಿ ಗಲ್ಲಿಯೊಳಗೆ ಕೆಲಸ ಮಾಡುವ ಆಟೋ ಎಲೆಕ್ಟ್ರೀಷಿಯನ್ ಒಬ್ಬರು ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿತ್ತು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿದೆ. ಪಟ್ಟಿ 140, ಕೂಲಿ 200. ಬೋಲ್ಟ್ ಕೂರುವ ಜಾಗವನ್ನು ಉಜ್ಜು ಕಾಗದದಿಂದ ಬೆಳ್ಳಗೆ ಹೊಳೆಯುವ ತನಕ ತಿಕ್ಕಿ, ಬಿಗಿದ ಮೇಲೆ ಗ್ರೀಸ್ ಸವರಿದರು. ಆ ತಿಕ್ಕುವುದೇ ಅಸಲಿ ಕೆಲಸ, ಹೊಸ ಪಟ್ಟಿ ನೆಪಮಾತ್ರ. ಮತ್ತೆ ಅಳೆದಾಗ 0.15. ಸೆಲ್ಫ್ ಹೊಸ ಕಾರಿನಂತೆ ತಿರುಗಿತು.

ಗ್ಯಾರೇಜಿನಲ್ಲಿ ಇಷ್ಟನ್ನು ಯಾಕೆ ಅಳೆಯಲಿಲ್ಲ ಎಂದು ಕೇಳಿದೆ. ಅವರು ನಕ್ಕು, 'ಅಳ್ಯೂದಕ್ಕ ಯಾರ್ ರೊಕ್ಕ ಕೊಡ್ತಾರ್ರೀ ಸರ? ಬದ್ಲಿ ಮಾಡಿದ್ದಕ್ಕ ಕೊಡ್ತಾರ' ಅಂದರು. ಆ ಗ್ಯಾರೇಜಿನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಬ್ಯಾಟರಿ ಮಾರಿದರೆ ಬಿಲ್ಲಿನಲ್ಲಿ ಒಂದು ಸಾಲು ಬರುತ್ತದೆ. ಒಂದು ಗಂಟೆ ತಲೆ ಕೆಡಿಸಿಕೊಂಡು 140 ರೂಪಾಯಿಯ ಪಟ್ಟಿ ಹಾಕಿದರೆ 'ಇಷ್ಟಕ್ಕೆ ಇಷ್ಟು ದುಡ್ಡಾ' ಎಂದು ಗಿರಾಕಿಯೇ ಜಗಳಕ್ಕೆ ನಿಲ್ಲುತ್ತಾನೆ. ಈಗ ನಾನು ಮೊದಲೇ ಹೇಳಿಬಿಡುತ್ತೇನೆ: ಯಾವ ಭಾಗವನ್ನೂ ಬದಲಿಸುವುದು ಬೇಡ, ದೋಷ ಎಲ್ಲಿದೆ ಎಂದು ಅಳೆದು ತೋರಿಸಿದರೆ 300 ರೂಪಾಯಿ ನಿಮ್ಮದು. ಪರವೂರಿನಲ್ಲಿ, ಗುರುತಿನ ಮೆಕ್ಯಾನಿಕ್ ಇಲ್ಲದ ನಮ್ಮಂಥವರಿಗೆ ಇದು ಅಗ್ಗದ ವಿಮೆ.

ಇದೇ ಉಪಾಯ ಚೆನ್ನೈನಲ್ಲಿರುವ ದಾವಣಗೆರೆಯ ಗೆಳೆಯನಿಗೂ ಆಯಿತು. ಅವನದು ಹಳೆಯ ಸ್ಯಾಂಟ್ರೊ. ಶುಕ್ರವಾರ ರಾತ್ರಿ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ವಿಡಿಯೊ ಕಾಲ್‌ನಲ್ಲೇ ನೋಡಿದೆವು. ಎಲ್ಲ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮಧ್ಯೆ ಮೀಟರನ್ನು 10 ಆಂಪಿಯರ್ ಮೋಡಿನಲ್ಲಿ ಸೇರಿಸಿದರೆ 0.45 ಆಂಪಿಯರ್ ಹರಿಯುತ್ತಿತ್ತು. (ಮೀಟರ್ ಹೀಗೆ ಸೇರಿಸಿದ್ದಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.) ಗಡಿಯಾರ, ಸ್ಟೀರಿಯೊಗಳ ನೆನಪಿಗೆ 0.03, ಹೆಚ್ಚೆಂದರೆ 0.05 ಬೇಕು. 35 ಆಂಪಿಯರ್ ಅವರ್ ಬ್ಯಾಟರಿಯನ್ನು 0.45ರಿಂದ ಭಾಗಿಸಿದರೆ 78 ಗಂಟೆ. ಪೂರ್ತಿ ಬರಿದಾಗಲು ಅಷ್ಟು, ಸೆಲ್ಫ್ ಎತ್ತದಂತಾಗಲು ಅದಕ್ಕೂ ಕಡಿಮೆ. ಸೋಮವಾರದ ಗುಟ್ಟು ಅಲ್ಲೇ ಇತ್ತು.

ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ಹಳೆಯ ಪದ್ಧತಿ. ಅದಕ್ಕಿಂತ ಸಲೀಸಾದ ದಾರಿಯಿದೆ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಚುಕ್ಕಿಯಷ್ಟು ಲೋಹ ಕಾಣುತ್ತದೆ. ಮೈನಸ್ ಕೇಬಲ್ ಮರಳಿ ಹಾಕಿ, ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಆ ಎರಡು ಚುಕ್ಕಿ ಮುಟ್ಟಿದರೆ, ಕರೆಂಟು ಹರಿಯದ ಫ್ಯೂಸು ಸೊನ್ನೆ ತೋರಿಸುತ್ತದೆ, ಹರಿಯುವುದು ಸಣ್ಣದೊಂದು ಅಂಕಿ ತೋರಿಸುತ್ತದೆ. ಬಾಗಿಲು ತೆರೆದಿಟ್ಟರೆ ಒಳದೀಪ ಹತ್ತಿ ಲೆಕ್ಕ ಕೆಡುತ್ತದೆ, ಸ್ವಿಚ್ಚನ್ನು ಒತ್ತಿ ಟೇಪ್ ಹಾಕಿ. ಒಂಬತ್ತನೆಯ ಫ್ಯೂಸಿಗೆ ಕಳ್ಳ ಸಿಕ್ಕಿದ. ಹಿಂದಿನ ಮಾಲೀಕ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದ ಅಲಾರಂ ಪೆಟ್ಟಿಗೆ, ಒಳಗೆ ನೀರು ಹೋಗಿ ಸದಾ ಎಚ್ಚರವಾಗಿತ್ತು. ನಾನು ನೋಡಿದ ಹಳೆಯ ಕಾರುಗಳಲ್ಲಿ ಕಂಪನಿ ಎಳೆದ ವೈರು ತಾನಾಗಿ ಕೆಟ್ಟದ್ದು ಕಡಿಮೆ. ಅದನ್ನು ಕತ್ತರಿಸಿ, ಹಲ್ಲಿನಿಂದ ಸುಲಿದು, ಟೇಪು ಸುತ್ತಿದ ಜಾಗಗಳೇ ಹೆಚ್ಚು.

ಬಿಡಿಭಾಗದ ಕಥೆ ಬೇರೆ. 800ರ ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಅಂಗಡಿಯಲ್ಲಿ '800 ಆಲ್ಟರ್ನೇಟರ್ ಕಾರ್ಬನ್' ಎಂದರೆ ಕೈಯಾಡಿಸಿಬಿಡುತ್ತಾರೆ. 'ಓಮ್ನಿಯದು ಕೊಡಿ' ಎಂದು ಕೇಳಿ ನೋಡಿ. ಅದೇ 796 ಸಿಸಿ ಎಂಜಿನ್ನಿನ ಬಂಧು, 2019ರವರೆಗೂ ತಯಾರಾಗುತ್ತಿತ್ತು, ಎಂಜಿನ್ ಸುತ್ತಲಿನ ಎಷ್ಟೋ ಭಾಗ ಹೊಂದುತ್ತವೆ. ಹಳೆಯ ಭಾಗವನ್ನು ಕೈಯಲ್ಲೇ ಒಯ್ದು, ಅದರ ಮೇಲಿನ ನಂಬರ್, ಬೋಲ್ಟಿನ ಅಂತರ, ಕನೆಕ್ಟರಿನ ಪಿನ್ ಹೋಲಿಸಿಯೇ ದುಡ್ಡು ಕೊಡಬೇಕು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಎಂದ ಕೂಡಲೇ ಇಡೀ ಯೂನಿಟ್ ಕೊಳ್ಳುವ ಅಗತ್ಯವೂ ಇಲ್ಲ. (ಮೆಕ್ಯಾನಿಕ್‌ಗಳ ಬಾಯಲ್ಲಿ ಅದಿನ್ನೂ 'ಡೈನಮೋ'.) ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಮೊದಲು ಕಾರ್ಬನ್, ಆಮೇಲೆ ರೆಗ್ಯುಲೇಟರ್ ನೋಡಿ.

ಹೊಸ ಭಾಗ ಸಿಗದಿದ್ದಾಗ ಗುಜರಿ. ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರಸ್ತೆ, ಚೆನ್ನೈಯವರಿಗೆ ಪುದುಪೇಟೆ, ದೆಹಲಿಯವರಿಗೆ ಹೊಸದಕ್ಕೆ ಕಾಶ್ಮೀರಿ ಗೇಟ್, ಹಳೆಯದಕ್ಕೆ ಮಾಯಾಪುರಿ. ಊರಿಗೆ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಗುಜರಿಯಲ್ಲಿ ಸ್ವಿಚ್ಚೋ ಲೈಟೋ ಕೊಂಡರೆ ಕನೆಕ್ಟರನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿಸಿಕೊಳ್ಳಿ. ಕನೆಕ್ಟರ್ ಮಾತ್ರ ಹೊಸದಾಗಿ ಎಲ್ಲೂ ಸಿಗುವುದಿಲ್ಲ. ರಿಲೇ ಕೊಳ್ಳುವಾಗ ಮೀಟರ್ ಜೇಬಿನಲ್ಲಿರಲಿ. 85, 86 ಎಂದು ಬರೆದ ಎರಡು ಪಿನ್ನಿನ ನಡುವೆ 80ರಿಂದ 100 ಓಮ್ ತೋರಿಸಿದರೆ ಕಾಯಿಲ್ ಸರಿ. ಅಂಗಡಿಯವನು ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ. ನಾನಾ ಪೇಠೆಯಲ್ಲಿ ಹೀಗೆ ಹುಡುಕುವಾಗ ಒಂದು ಕಪಾಟಿನ ಮೇಲೆ 'ಮೈಕೋ' ಎಂದು ಬರೆದ ಹಳೆಯ ಸ್ಪಾರ್ಕ್ ಪ್ಲಗ್ ಡಬ್ಬಿ ಕಂಡಿತು. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು. ಖಾಲಿ ಡಬ್ಬಿಗೆ ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ.

ಅರ್ಥಿಂಗ್ ಸರಿಯಾದ ಮೇಲೂ ಹೆಡ್‌ಲೈಟ್ ಪೂರ್ತಿ ಬೆಳಗಲಿಲ್ಲ. ಎರಡು 55 ವ್ಯಾಟ್ ಬಲ್ಬ್ ಅಂದರೆ ಒಂಬತ್ತು ಆಂಪಿಯರ್, ಅಷ್ಟೂ ಸ್ಟೀರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನ ಮೂಲಕ ಹೋಗುತ್ತದೆ. ಬ್ಯಾಟರಿಯಲ್ಲಿ 14 ಇದ್ದಾಗ ಬಲ್ಬಿನ ಹತ್ತಿರ 11.2 ಇತ್ತು. ವೋಲ್ಟೇಜ್ ಹತ್ತು ಪಾಲು ಕಡಿಮೆಯಾದರೆ ಹ್ಯಾಲೋಜನ್ ಬಲ್ಬಿನ ಬೆಳಕು ಸುಮಾರು ಮೂವತ್ತು ಪಾಲು ಕಡಿಮೆಯಾಗುತ್ತದೆ, ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚೇ ಹೋಗಿತ್ತು. ಹಲವರು ಇದಕ್ಕೆ 100 ವ್ಯಾಟ್ ಬಲ್ಬ್ ಹಾಕಿಸಿ ಹೋಲ್ಡರ್ ಕರಗಿಸಿಕೊಳ್ಳುತ್ತಾರೆ. ಇಂಡಿಯವರು ಎರಡು ರಿಲೇ ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರು ಎಳೆದರು. ಬಲ್ಬಿನಲ್ಲಿ 13.4 ಬಂತು. ತಪಾಸಣೆಯಲ್ಲಿ ಇನ್ಸ್‌ಪೆಕ್ಟರ್ ಲೈಟ್ ಹಾಕಿಸಿ, ಹಾರ್ನ್ ಹೊಡೆಸಿ, ಚಾಸಿ ನಂಬರ್ ನೋಡಿ ಸಹಿ ಹಾಕಿದರು. ಕಾರಿಗೆ 2028ರವರೆಗೆ ಆಯುಸ್ಸು ಸಿಕ್ಕಿತು.

ಆ ಸ್ವಿಚ್ ಮಾತ್ರ ಇಷ್ಟು ವರ್ಷದ ಬಿಸಿಗೆ ಒಳಗೆ ಸುಟ್ಟಿದೆ. ಡಿಮ್‌ಗೆ ಇಳಿಸಿದರೆ ಕೆಲವೊಮ್ಮೆ ಕ್ಷಣಕಾಲ ಎರಡೂ ಆರಿಹೋಗುತ್ತದೆ, ಹಾಗಾಗಿ ರಾತ್ರಿ ಹೊತ್ತು ಖಂಬಾಟ್ಕಿ ಘಾಟಿ ಇಳಿಯುವುದನ್ನು ನಿಲ್ಲಿಸಿದ್ದೇನೆ. ಪುಣೆಯಲ್ಲಿ ಸಿಕ್ಕಿದ ಲೋಕಲ್ ಸ್ವಿಚ್ಚುಗಳ ಕನೆಕ್ಟರ್ ಹೊಂದಲಿಲ್ಲ. ಸ್ಯಾಂಟ್ರೊ ಗೆಳೆಯ ಕಳೆದ ಭಾನುವಾರ ಪುದುಪೇಟೆಯಿಂದ ಫೋಟೊ ಕಳಿಸಿದ್ದಾನೆ. ವೈಪರ್ ಕಡೆಯ ಹಿಡಿ ಮುರಿದಿದೆ, ಲೈಟಿನ ಕಡೆಯದು ಗಟ್ಟಿಯಾಗಿದೆ, ನನಗೆ ಬೇಕಾದದ್ದು ಅದೇ. 400 ರೂಪಾಯಿ, ಒಂದು ಗೇಣು ವೈರಿನ ಸಮೇತ. ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಅವನು ಪುಣೆಗೆ ಬರುವಾಗ ಬ್ಯಾಗಿನಲ್ಲಿ ತರುತ್ತಾನೆ.