ಹಲ್ಲಿಗೆ ಕ್ಲಿಪ್: ತಂತಿಗಿಂತ ದಾರಿಯೇ ದುಬಾರಿ

ಕಲಘಟಗಿ ತಾಲ್ಲೂಕಿನ ತಂಬೂರ ಎಂದೊಡನೆ ಧಾರವಾಡ ಜಿಲ್ಲೆಯವರಿಗೆ ನೆನಪಾಗುವುದು ಅಲ್ಲಿಯ ಬಸವಣ್ಣನ ದೇವಸ್ಥಾನ ಮತ್ತು ಕೆರೆ. ಆ ಊರಿನ ಹನ್ನೆರಡು ವರ್ಷದ ಬಾಲಕಿಯೊಬ್ಬಳಿಗೆ ಉಬ್ಬುಹಲ್ಲು ಇದೆ, ಕ್ಲಿಪ್ ಹಾಕಿಸಲು ಮನೆಯವರು ನಿರ್ಧರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ 18ರಿಂದ 24 ತಿಂಗಳು. ತಿಂಗಳಿಗೊಮ್ಮೆ ವೈದ್ಯರನ್ನು ಕಾಣಬೇಕೆಂದರೆ ಸುಮಾರು ಇಪ್ಪತ್ತು ಭೇಟಿ. ಊರಿನಿಂದ ಕಲಘಟಗಿಗೆ ಒಂದು ಬಸ್, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಇನ್ನೊಂದು ಬಸ್. ಕುರ್ಚಿಯ ಮೇಲೆ ಕೂರುವುದು ಹದಿನೈದು ನಿಮಿಷವಾದರೂ ಮನೆಗೆ ಮರಳುವಾಗ ಸಂಜೆಯಾಗಿರುತ್ತದೆ.

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ತಾಯಿ-ಮಗಳ ಬಸ್ ದರವನ್ನೇನೋ ಇಳಿಸಿತು. ಆದರೆ ತಾಯಿಯ ಒಂದು ದಿನದ ಕೂಲಿ, ಮಗಳ ಒಂದು ದಿನದ ಪಾಠ ಇವೆರಡಕ್ಕೂ ಯಾವ ಯೋಜನೆಯಲ್ಲೂ ಪರಿಹಾರವಿಲ್ಲ. ವೈದ್ಯರು ಕೊಡುವ ರಸೀದಿಯಲ್ಲಿ ಈ ಲೆಕ್ಕ ಇರುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಮಾತ್ರ ಅನೇಕ ವೇಳೆ ಈ ಲೆಕ್ಕದಿಂದಲೇ.

ತಿಂಗಳೇ ಏಕೆ?

ಒಂದೇ ಸಲ ಗಟ್ಟಿಯಾಗಿ ಬಿಗಿದು ಆರು ತಿಂಗಳಲ್ಲಿ ಮುಗಿಸಬಾರದೇ? ದೂರದಿಂದ ಬರುವವರು ಕೇಳುವ ಸಹಜ ಪ್ರಶ್ನೆಯಿದು. ಉತ್ತರ ಇರುವುದು ಮೂಳೆಯಲ್ಲಿ.

ಹಲ್ಲು ದವಡೆಯಲ್ಲಿ ಮೊಳೆಯಂತೆ ನಾಟಿಕೊಂಡಿರುವುದಿಲ್ಲ. ಬೇರು ಮತ್ತು ಮೂಳೆಯ ನಡುವೆ ನಾರಿನಂಥ ತೆಳುವಾದ ಪದರವೊಂದಿದೆ. ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲಗೆ ಒತ್ತಿದಾಗ ಆ ಬದಿಯ ಪದರ ಒತ್ತಡಕ್ಕೆ ಸಿಲುಕುತ್ತದೆ. ಮೂಳೆಯನ್ನು ಕರಗಿಸುವ ಜೀವಕೋಶಗಳು ಅಲ್ಲಿ ಕೆಲಸ ಆರಂಭಿಸುತ್ತವೆ. ಎದುರು ಬದಿಯಲ್ಲಿ ಪದರ ಹಿಗ್ಗಿ, ಹೊಸ ಮೂಳೆ ಕಟ್ಟುವ ಕೋಶಗಳು ಜಾಗ ತುಂಬುತ್ತವೆ. ಹೀಗೆ ಮುಂದೆ ಕರಗಿ ಹಿಂದೆ ಕಟ್ಟಿಕೊಳ್ಳುತ್ತಾ ಹಲ್ಲು ಸಾಗುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಒತ್ತಡ ಅತಿಯಾದರೆ ಆ ಪದರದ ರಕ್ತಸಂಚಾರವೇ ನಿಂತು, ಹಲ್ಲಿನ ಚಲನೆ ಹಲವು ದಿನ ಸ್ಥಗಿತಗೊಳ್ಳುತ್ತದೆ. ಬೇರು ಸವೆದು ಮೊಟಕಾಗುವ ಅಪಾಯವೂ ಹೆಚ್ಚು. ಅವಸರ ಮಾಡಿದಷ್ಟೂ ತಡ ಎನ್ನುವುದು ಇಲ್ಲಿ ಅಕ್ಷರಶಃ ನಿಜ.

ಹಲ್ಲಿಗೆ ಅಂಟಿಸುವ ಪುಟ್ಟ ಬ್ರ್ಯಾಕೆಟ್ ಒಂದು ಹಿಡಿಕೆಯಷ್ಟೇ. ದುಡಿಯುವುದು ಅದರ ಮೂಲಕ ಹಾಯುವ ತಂತಿ. ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ವಕ್ರದಂತಗಳನ್ನು ವರ್ಗೀಕರಿಸಿ, 1920ರ ದಶಕದಲ್ಲಿ ಚೌಕ ಗಾಡಿಯ ಬ್ರ್ಯಾಕೆಟ್ ರೂಪಿಸಿದರು. ಆಸ್ಟ್ರೇಲಿಯಾದ ಬೆಗ್ ಅವರ ಹಗುರ ತಂತಿಯ ವಿಧಾನವನ್ನು ಭಾರತದ ದಂತ ಕಾಲೇಜುಗಳಲ್ಲಿ ಬಹುಕಾಲ ಕಲಿಸಲಾಯಿತು. ಹಲ್ಲಿನ ಓರೆಯನ್ನು ಬ್ರ್ಯಾಕೆಟ್‌ನಲ್ಲಿಯೇ ಅಡಗಿಸಿಟ್ಟು, ತಂತಿಯನ್ನು ಕೈಯಿಂದ ಬಗ್ಗಿಸುವ ಶ್ರಮ ತಗ್ಗಿಸಿದ್ದು 1970ರ ದಶಕದ ಲಾರೆನ್ಸ್ ಆ್ಯಂಡ್ರೂಸ್ ಅವರ ವಿಧಾನ.

ಆದರೆ ತಂಬೂರಿನ ಬಾಲಕಿಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ನಿಕಲ್-ಟೈಟಾನಿಯಂ ತಂತಿ. 1960ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂದ ಈ ಮಿಶ್ರಲೋಹ 1970ರ ದಶಕದಲ್ಲಿ ದಂತ ಚಿಕಿತ್ಸೆಗೆ ಕಾಲಿಟ್ಟಿತು. ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರವನ್ನು ಮರೆಯದಿರುವುದು ಇದರ ಗುಣ. ಉಕ್ಕಿನ ತಂತಿಯ ಒತ್ತಡ ಹಲ್ಲು ಸ್ವಲ್ಪ ಸರಿದೊಡನೆ ಕುಸಿಯುತ್ತದೆ; ಇದರದು ಹಗುರವಾಗಿ ವಾರಗಟ್ಟಲೆ ಮುಂದುವರಿಯುತ್ತದೆ. ಹೀಗಾಗಿ ಹಲ್ಲುಗಳನ್ನು ಸಾಲಿಗೆ ತರುವ ಮೊದಲ ಹಂತದಲ್ಲಿ ಆರರಿಂದ ಎಂಟು ವಾರಕ್ಕೊಮ್ಮೆ ಬಂದರೂ ಸಾಕಾಗಬಹುದು. ದೂರದೂರಿನವರು ವೈದ್ಯರಲ್ಲಿ ಮೊದಲೇ ಕೇಳಿ ತಿಳಿಯಬೇಕಾದ ಸಂಗತಿಯಿದು. ಕೇಳದಿದ್ದರೆ ಎಲ್ಲರಿಗೂ ಒಂದೇ ತಿಂಗಳ ಚೀಟಿ ಸಿಗುತ್ತದೆ. ರಬ್ಬರ್ ಉಂಗುರವಿಲ್ಲದೆ ತಾನೇ ಮುಚ್ಚಿಕೊಳ್ಳುವ ದುಬಾರಿ ಬ್ರ್ಯಾಕೆಟ್‌ಗಳಿಂದ ಚಿಕಿತ್ಸೆ ತಿಂಗಳುಗಟ್ಟಲೆ ಬೇಗ ಮುಗಿಯುತ್ತದೆ ಎಂಬ ಪ್ರಚಾರವಿದೆಯಾದರೂ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ.

ಖಡಕ್ ರೊಟ್ಟಿಯ ಸಮಸ್ಯೆ

ಬ್ರ್ಯಾಕೆಟ್ ಹಲ್ಲಿಗೆ ಅಂಟಿಕೊಂಡಿರುವುದು ಅಂಟಿನ ಬಲದಿಂದ. ಚಿಕಿತ್ಸೆ ಮುಗಿದ ಮೇಲೆ ದಂತಕವಚಕ್ಕೆ ಪೆಟ್ಟಾಗದಂತೆ ಬಿಡಿಸಬೇಕಾದ್ದರಿಂದ ಆ ಅಂಟನ್ನು ಮಿತಿಮೀರಿ ಗಟ್ಟಿ ಮಾಡುವಂತಿಲ್ಲ. ಕಟಕಟನೆ ಮುರಿಯುವ ಜೋಳದ ಖಡಕ್ ರೊಟ್ಟಿ, ಹಲ್ಲಿನಿಂದಲೇ ಸಿಗಿಯುವ ಕಬ್ಬು, ಹುರಿದ ಶೇಂಗಾ ಉತ್ತರ ಕರ್ನಾಟಕದ ನಿತ್ಯದ ಮಾತು. ಇವು ಬ್ರ್ಯಾಕೆಟ್‌ನ ಕಡು ವೈರಿಗಳು! ಬ್ರ್ಯಾಕೆಟ್ ಕಳಚಿದ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. ಅಲ್ಲಿಗೆ ಇಪ್ಪತ್ತರ ಲೆಕ್ಕಕ್ಕೆ ಮತ್ತೊಂದು ಭೇಟಿ ಸೇರಿತು. ರೊಟ್ಟಿಯನ್ನು ಬಿಡಬೇಕಿಲ್ಲ; ಮೆತ್ತಗಿನ ಬಿಸಿ ರೊಟ್ಟಿಯನ್ನು ಚೂರು ಮಾಡಿ ಪಲ್ಯದಲ್ಲಿ ನೆನೆಸಿ ತಿಂದರಾಯಿತು. ಕಬ್ಬನ್ನು ಮಾತ್ರ ಎರಡು ವರ್ಷ ಮರೆಯುವುದು ಲೇಸು.

ವಯಸ್ಸಿನ ವಿಚಾರದಲ್ಲಿ ನಷ್ಟ ಇನ್ನೂ ದೊಡ್ಡದು. ಕೆಳದವಡೆ ಹಿಂದೆ ಉಳಿದು ಮೇಲಿನ ಹಲ್ಲು ಉಬ್ಬಿದಂತೆ ಕಾಣುವ ಮಕ್ಕಳಲ್ಲಿ, ಬೆಳವಣಿಗೆಯ ಭರ ಇರುವಾಗಲೇ ಟ್ವಿನ್ ಬ್ಲಾಕ್‌ನಂಥ ಸಾಧನ ಬಳಸಿ ದವಡೆಗಳ ಹೊಂದಾಣಿಕೆಯನ್ನು ಸುಧಾರಿಸಬಹುದು. ಹೆಣ್ಣುಮಕ್ಕಳಲ್ಲಿ ಆ ಭರ ಗಂಡುಮಕ್ಕಳಿಗಿಂತ ಮೊದಲೇ ಬರುತ್ತದೆ, ಮೊದಲೇ ಮುಗಿಯುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಮಗಳ ಹಲ್ಲು ನೆನಪಾಗುವುದು ವರ ನೋಡಲು ಬರುವ ಕಾಲಕ್ಕೆ. ಆಗಲೂ ಹಲ್ಲುಗಳನ್ನು ಸರಿಸಬಹುದು, ಕೆಲವೊಮ್ಮೆ ನಾಲ್ಕು ಹಲ್ಲು ಕೀಳಿಸಿ ಜಾಗ ಮಾಡಬೇಕಾಗುತ್ತದೆ. ದವಡೆಯ ದೋಷ ತೀವ್ರವಾಗಿದ್ದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ತಿಂಗಳಿಗೊಮ್ಮೆ ಬರುವ ವೈದ್ಯರು

ವಕ್ರದಂತ ತಜ್ಞರಾಗಲು ಬಿಡಿಎಸ್ ನಂತರ ಮೂರು ವರ್ಷದ ಎಂಡಿಎಸ್ ಓದಬೇಕು. ಇಷ್ಟು ಓದಿದವರು ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ತೆರೆದು ಬದುಕುವುದು ಕಷ್ಟ. ಕ್ಲಿಪ್ ಹಾಕಿಸುವವರ ಸಂಖ್ಯೆ ಅಲ್ಲಿ ಕಡಿಮೆ. ಕುರ್ಚಿ, ಉಪಕರಣ ಶುದ್ಧಿಯ ಆಟೋಕ್ಲೇವ್, ದವಡೆಯ ಎಕ್ಸ್-ರೇ, ಬಾಡಿಗೆ, ಸಹಾಯಕರ ಸಂಬಳ ಇವು ಮಾತ್ರ ಎಲ್ಲೆಡೆ ಇದ್ದದ್ದೇ. ಇದಕ್ಕೆ ಕಂಡುಕೊಂಡ ಮಾರ್ಗವೆಂದರೆ ನಗರದ ತಜ್ಞರು ತಿಂಗಳಲ್ಲಿ ಗೊತ್ತಾದ ಒಂದೆರಡು ದಿನ ಸಣ್ಣ ಊರಿನ ಸಾಮಾನ್ಯ ದಂತವೈದ್ಯರ ಕ್ಲಿನಿಕ್‌ಗೆ ಬಂದು ರೋಗಿಗಳನ್ನು ನೋಡುವುದು. ಇಪ್ಪತ್ತು ಮಂದಿ ಹುಬ್ಬಳ್ಳಿಗೆ ಹೋಗುವ ಬದಲು ಒಬ್ಬರೇ ಇತ್ತ ಬಂದರೆ ದಾರಿಯ ಖರ್ಚು ಉಳಿಯುತ್ತದೆ. ತೊಡಕಿರುವುದು ತಜ್ಞರು ಹೋದ ಮರುದಿನ ತಂತಿಯ ತುದಿ ಕೆನ್ನೆಗೆ ಚುಚ್ಚಿದಾಗ. ಅದನ್ನು ಕತ್ತರಿಸುವ, ಕಳಚಿದ ಬ್ರ್ಯಾಕೆಟ್ ಮರಳಿ ಅಂಟಿಸುವ ಹೊಣೆಯನ್ನು ಸ್ಥಳೀಯ ವೈದ್ಯರು ವಹಿಸಿಕೊಂಡಿದ್ದಾರೆಯೇ ಎಂಬುದನ್ನು ಆರಂಭದಲ್ಲೇ ಖಚಿತಪಡಿಸಿಕೊಳ್ಳಬೇಕು.

ಹಣದ ವ್ಯವಸ್ಥೆಯಲ್ಲೂ ಒಂದು ಸೂಕ್ಷ್ಮವಿದೆ. ಒಟ್ಟು ಶುಲ್ಕ ಹತ್ತಾರು ಸಾವಿರ ರೂಪಾಯಿ. ಕ್ಲಿಪ್ ಕೂರಿಸುವಾಗ ಒಂದು ಭಾಗ ಪಡೆದು, ಉಳಿದದ್ದನ್ನು ಭೇಟಿಗಿಷ್ಟೆಂದು ಕಂತಿನಲ್ಲಿ ಪಡೆಯುವುದು ರೂಢಿ. ಕಂತು ಬಡವರಿಗೆ ಅನುಕೂಲ, ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಎರಡು ಕಂತು ಬಾಕಿ ಉಳಿದರೆ, ಹಣವಿಲ್ಲದೆ ವೈದ್ಯರ ಮುಖ ನೋಡುವುದು ಹೇಗೆಂಬ ಸಂಕೋಚದಿಂದ ಮೂರನೆಯ ಭೇಟಿಯೇ ತಪ್ಪುತ್ತದೆ. ಬಾಕಿ ಇದ್ದರೂ ಬನ್ನಿ ಎಂದು ಬಾಯಿಬಿಟ್ಟು ಹೇಳುವ ಕ್ಲಿನಿಕ್‌ಗೆ ರೋಗಿಯೂ ಉಳಿಯುತ್ತಾನೆ, ತಡವಾಗಿಯಾದರೂ ಹಣವೂ ಬರುವ ಸಾಧ್ಯತೆ ಉಳಿಯುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ಕ್ಲಿನಿಕ್‌ಗಳು ದರಪಟ್ಟಿಯನ್ನು ಪ್ರದರ್ಶಿಸಬೇಕು. ಅದನ್ನು ಓದಿ ನೋಡುವ ಅಭ್ಯಾಸ ರೋಗಿಗಳಿಗೂ ಬರಬೇಕಿದೆ.

ಇನ್ನೊಂದು ಆಯ್ಕೆ ಬೋಧನಾ ಆಸ್ಪತ್ರೆ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಈ ಭಾಗದವರಿಗೆ ಹತ್ತಿರದ್ದು. ಬೋಧನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುವುದರಿಂದ ಶುಲ್ಕ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಕಾಯುವಿಕೆ ಹೆಚ್ಚು. ವಿದ್ಯಾರ್ಥಿಯ ಮೂರು ವರ್ಷ ಮುಗಿದರೆ ರೋಗಿ ಮುಂದಿನವರ ಕೈಗೆ ಹೋಗುತ್ತಾನೆ. ಕೋರ್ಸಿನ ಮೊದಲ ವರ್ಷದಲ್ಲಿ ಸೇರಿಕೊಂಡ ರೋಗಿಗೆ ಈ ಕೈಬದಲಾವಣೆ ತಪ್ಪುವ ಸಂಭವವಿದೆ.

ಅರ್ಧಕ್ಕೆ ಬಿಟ್ಟ ತಂತಿ

ಕ್ಲಿಪ್ ಹಾಕಿಸದೆ ಇದ್ದರೆ ಹಲ್ಲು ಇದ್ದಂತೆ ಇರುತ್ತದೆ. ಹಾಕಿಸಿ ಅರ್ಧಕ್ಕೆ ಬಿಟ್ಟರೆ ಪರಿಸ್ಥಿತಿ ಅದಕ್ಕಿಂತ ಕೆಡುತ್ತದೆ. ಬ್ರ್ಯಾಕೆಟ್ ಸುತ್ತ ಆಹಾರ ನಿಂತು ದಂತಕವಚದ ಮೇಲೆ ಬಿಳಿ ಕಲೆಗಳು ಮೂಡುತ್ತವೆ, ಅವೇ ಹುಳುಕಿಗೆ ದಾರಿಯಾಗುತ್ತವೆ. ವಸಡು ಊದಿಕೊಳ್ಳುತ್ತದೆ. ಹಲ್ಲು ಕಿತ್ತು ಮಾಡಿದ ಜಾಗ ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ನೋಡುವವರಿಲ್ಲದ ತಂತಿ ಹಲ್ಲುಗಳನ್ನು ಬೇಡದ ಕಡೆಗೂ ಸರಿಸಬಹುದು. ಮುಂದುವರಿಸಲು ಸಾಧ್ಯವೇ ಇಲ್ಲವೆಂದಾದರೂ ಬ್ರ್ಯಾಕೆಟ್‌ಗಳನ್ನು ತೆಗೆಸಿಯಾದರೂ ಹಾಕಬೇಕು, ಅದು ಒಂದೇ ಭೇಟಿಯ ಕೆಲಸ. ಮದುವೆಯಾಗಿ ಬೇರೆ ಊರಿಗೆ ಹೋಗುವವರು, ಹಾಸ್ಟೆಲ್ ಸೇರುವವರು ಹಲ್ಲಿನ ಅಚ್ಚು, ಛಾಯಾಚಿತ್ರ ಮತ್ತು ಎಕ್ಸ್-ರೇಗಳನ್ನು ಕೇಳಿ ಪಡೆದರೆ ಅಲ್ಲಿಯ ತಜ್ಞರು ಚಿಕಿತ್ಸೆ ಮುಂದುವರಿಸಬಲ್ಲರು.

ಭೇಟಿಯೇ ಬೇಡ, ಅಚ್ಚು ಕಳುಹಿಸಿ, ಪಾರದರ್ಶಕ ಅಲೈನರ್ ಅಂಚೆಯಲ್ಲಿ ಬರುತ್ತದೆ ಎಂಬ ವ್ಯಾಪಾರವೂ ನಡೆದಿದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಕಂಪನಿ 2023ರ ಡಿಸೆಂಬರ್‌ನಲ್ಲಿ ಏಕಾಏಕಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ಮಧ್ಯದಲ್ಲಿದ್ದ ಗ್ರಾಹಕರು ಅಲೈನರ್ ಕೈಯಲ್ಲಿ ಹಿಡಿದು ಬೇರೆ ವೈದ್ಯರನ್ನು ಹುಡುಕಬೇಕಾಯಿತು. ತಜ್ಞರ ನಿಗಾದಲ್ಲಿ ಬಳಸುವ ಅಲೈನರ್ ಬೇರೆ ಮಾತು; ಅದಕ್ಕೆ ಭೇಟಿಗಳು ಕಡಿಮೆ ಸಾಕು, ಬೆಲೆ ಹೆಚ್ಚು. ದಿನಕ್ಕೆ 20ರಿಂದ 22 ಗಂಟೆ ಧರಿಸುವ ಶಿಸ್ತು ಹನ್ನೆರಡರ ಮಕ್ಕಳಲ್ಲಿ ಎಷ್ಟರಮಟ್ಟಿಗೆ ಇರುತ್ತದೆಂಬುದು ಹೆತ್ತವರಿಗೇ ಗೊತ್ತು.

ಕ್ಲಿಪ್ ತೆಗೆದ ದಿನಕ್ಕೆ ಎಲ್ಲವೂ ಮುಗಿಯಿತೆಂದು ಭಾವಿಸುವುದು ಕೊನೆಯ ತಪ್ಪು. ವಸಡಿನ ನಾರುಗಳು ಹಲ್ಲಿನ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಅದಕ್ಕಾಗಿಯೇ ರಿಟೇನರ್. ಊಟಕ್ಕೆ ಕೂರುವಾಗ ತೆಗೆದು ಕಾಗದದಲ್ಲಿ ಸುತ್ತಿಟ್ಟು ಮರೆತುಬಿಡುವ ವಸ್ತುವೂ ಅದೇ. ಹೀಗಾಗಿ ತಂಬೂರಿನ ತಾಯಿ-ಮಗಳು ಕ್ಲಿಪ್ ತೆಗೆಸಿದ ಮೇಲೂ ಇನ್ನು ಮೂರ್ನಾಲ್ಕು ಬಾರಿ ಕಲಘಟಗಿಯ ಬಸ್ ಹಿಡಿಯಬೇಕಾಗುತ್ತದೆ.